ಮಾವನ ಹೆಸರಿನ ಗುಹೆ

ಅಕ್ಟೋಬರ್ 9, ಬೆಳಿಗ್ಗೆ 6
ಜೀನು ಬಿಗಿದಾಯಿತು. ಕುದುರೆ ಇವತ್ತೂ ಹೊಟ್ಟೆ ಉಬ್ಬಿಸಿ ಮೋಸ ಮಾಡಿತು — ಉಸಿರು ಬಿಟ್ಟ ಮೇಲೆ ಎರಡನೇ ಸಲ ಎಳೆದು ಬಿಗಿದೆ. ಇಂದು ಗೈಡ್ ಪರೀಕ್ಷೆ. ಪಾಸಾದರೆ ಲೆಸೊಥೊದ ಈ ಕಣಿವೆಯಲ್ಲಿ ಬ್ಯಾಡ್ಜ್ ಹಾಕುವ ಮೊದಲ ಹೆಂಗಸು ನಾನೇ. ಜಲಪಾತ, ಗುಹೆ, ಗುಹೆಗೋಡೆಯ ಹಳೇ ಚಿತ್ರಗಳು — ಎಲ್ಲ ಬಾಯಿಪಾಠ.

ಅದೇ ದಿನ, ಸಂಜೆ
ಫೇಲು.
ಗುಹೆಯ ಮುಂದೆ ಪರೀಕ್ಷಕರು ಕೇಳಿದರು, "ಈ ಜಾಗದ ಹೆಸರೇನಮ್ಮ?" ಗಂಡನ ಮನೆಯ ಮುತ್ತಜ್ಜ ಇಡೀ ಊರನ್ನು ಶತ್ರುಗಳಿಂದ ಇಲ್ಲಿ ಬಚ್ಚಿಟ್ಟ ಕಥೆ ಹೇಳಿದೆ. "ಕಥೆ ಸರಿ. ಹೆಸರು?" ಗುಹೆಗೆ ಆ ಮುತ್ತಜ್ಜನದೇ ಹೆಸರು. ನನ್ನ ಮಾವನಿಗೂ ಅದೇ. ಸೊಸೆ ಮಾವನ ಹೆಸರು ಎತ್ತುವುದುಂಟೇ? ಪರೀಕ್ಷಕರು "ಸ್ಥಳದ ಹೆಸರು ಗೊತ್ತಿಲ್ಲ" ಎಂದು ಬರೆದುಕೊಂಡರು. ಆ ಮನೆಯ ಏಳು ತಲೆಮಾರಿನ ಹೆಸರು ಗೊತ್ತು ನನಗೆ.
ನನ್ನ ಜೊತೆ ಪರೀಕ್ಷೆಗೆ ಕೂತಿದ್ದ ಹುಡುಗ ಮೊಹಾಪಿ ಪಾಸು. "ಅಷ್ಟು ಮಾತಾಡ್ತೀಯ ಅಕ್ಕ, ಒಂದ್ ಹೆಸ್ರು ಬಾಯಿಗೆ ಬರ್ಲಿಲ್ವಾ?" ಮೈಯೆಲ್ಲ ಉರಿಯಿತು.

ಅಕ್ಟೋಬರ್ 12
ಮಾವನ ಕಿವಿಗೆ ಬಿತ್ತು. ಕಂಬಳಿ ಹೊದ್ದು ಬಾಗಿಲಲ್ಲಿ ನಿಂತು, ಮುಖ ಆಚೆ ತಿರುಗಿಸಿಕೊಂಡೇ, "ಮಾಲಿನೆಯೊ, ನನ್ ಹೆಸ್ರು ತಾನೇ, ಹೇಳ್ಬಿಡು. ನಾನೇನ್ ಸವೆದುಹೋಗಲ್ಲ" ಎಂದರು. ಪುಣ್ಯಾತ್ಮರು. ಮುದ್ದೆ ತೊಳಸುತ್ತ ಒಬ್ಬಳೇ ಹೇಳಿ ನೋಡಿದೆ... ನಾಲಿಗೆ ಹೊರಳಲಿಲ್ಲ. ಒಪ್ಪಿಗೆ ಅವರದು, ನಾಲಿಗೆ ನನ್ನದು. ಹೇಳದೆಯೇ ಪಾಸಾಗಬೇಕು. ಹೇಗೆ ಅಂತ ಗೊತ್ತಿಲ್ಲ.

ನವೆಂಬರ್ 3
ಮರುಪರೀಕ್ಷೆ. ಜೊತೆಗೆ ಆರು ಪ್ರವಾಸಿಗರು. ದಾರಿಯಲ್ಲಿ ಒಬ್ಬಾಕೆ, "ನಿಮ್ಮ ಲೆಸೊಥೊಗೆ ಸಮುದ್ರವೇ ಇಲ್ವಲ್ಲ, ಬೇಜಾರಾಗಲ್ವಾ?" ಎಂದಳು. "ಸಮುದ್ರ ಇರೋರೆಲ್ಲ ಇಲ್ಲಿಗೇ ಬರ್ತಿದ್ದೀರಲ್ಲ" ಎಂದೆ.
ಗುಹೆ ಬಂತು. ಹೆಸರು ಬರೆದ ಫಲಕ ತೋರಿಸಿದೆ. "ನಾನು ಈ ಮನೆ ಸೊಸೆ. ಈ ಹೆಸ್ರು ನನ್ ಬಾಯಲ್ಲಿ ಬರಬಾರ್ದು. ನಮ್ಮಲ್ಲಿ ಮರ್ಯಾದೆ ಅಂದ್ರೆ ಹಂಗೆ. ನನ್ ಪರವಾಗಿ ನೀವೇ ಓದಿ — ಜೋರಾಗಿ."
ಆರೂ ಜನ ಕೂಗಿದರು. ಗುಹೆಯೂ ಕೂಗಿತು. ಕೆಳಗೆ ಇಳಿಜಾರಿನಲ್ಲಿ ಕುರಿ ಕಾಯುತ್ತಿದ್ದ ಮಾವ ದಡಬಡಿಸಿ ಎದ್ದು, "ಓ... ಯಾರಪ್ಪ ಕರೆದಿದ್ದು?" ಎಂದರು.
ಪರೀಕ್ಷಕರಿಗೆ ನಗು ತಡೆಯಲಾಗಲಿಲ್ಲ. "ಹೆಸರು ಕೇಳಿದ್ರೆ ಹೆಸರಿನ ಯಜಮಾನರನ್ನೇ ತೋರಿಸ್ಬಿಟ್ಟೆಯಲ್ಲಮ್ಮ." ಪಾಸು. ಹೆಮ್ಮೆಯಿಂದ ಎದೆ ತುಂಬಿಹೋಯಿತು. ವಾಪಸು ಬರುವಾಗ ಕುದುರೆಯನ್ನು ಓಡಿಸಿಕೊಂಡೇ ಬಂದೆ.

ನವೆಂಬರ್ 21
ಮೊಹಾಪಿಯೂ ಈಗ ಪ್ರವಾಸಿಗರ ಕೈಲೇ ಕೂಗಿಸುತ್ತಾನೆ. "ನಿನಗೇನೋ ಅಡ್ಡಿ? ಅವ್ರೇನ್ ನಿನ್ ಮಾವನಾ?" ಎಂದೆ. "ಜನ ಅದನ್ನೇ ಕೇಳ್ತಾರಕ್ಕ."
ಮಾವ ದಿನಾ ಕುರಿಗಳನ್ನು ಅದೇ ಇಳಿಜಾರಿಗೆ ಹೊಡೆಯುತ್ತಾರೆ. ಹೊಸ ಹುಲ್ಲಿನ ಟೋಪಿ ಬೇರೆ. ಹೆಸರು ಕೇಳಿದಾಗಲೆಲ್ಲ ಅದನ್ನೆತ್ತಿ ತೋರಿಸುತ್ತಾರೆ.

ನವೆಂಬರ್ 30, ಮಧ್ಯಾಹ್ನ
ಬ್ಯಾಡ್ಜ್ ಬಂತು. ಜೊತೆಗೊಂದು ಫಾರಂ — ತೋರಿಸುವ ಸ್ಥಳಗಳ ಹೆಸರು ನನ್ನ ಕೈಯಲ್ಲೇ ಬರೆಯಬೇಕಂತೆ. "ಬರೆದ್ರೆ ಹೇಳಿದ ಹಾಗೇನಲ್ಲ" ಎನ್ನುತ್ತಾಳೆ ನಾದಿನಿ. ಇರಬಹುದು. ಯಾರೂ ಓದದ ಈ ಪುಸ್ತಕದಲ್ಲಿ ಮೊದಲು ಬರೆದು ನೋಡುತ್ತೇನೆ. ಗುಹೆಯ ಹೆಸರು ಮೂರೇ ಅಕ್ಷರ. ಹೊರಗೆ ಮಾವ ಕೆಮ್ಮುತ್ತಿದ್ದಾರೆ.
ಮೊದಲನೆಯದು, ಜಲಪಾತ.
ಎರಡನೆಯದು, ನಮ್ಮ... ಮಾವನವರ ಗುಹೆ.