ಹಿಂದಕ್ಕೆ ನಡೆಯುವ ಅಜ್ಜಿ

ಅವ್ವಾ,

ನಸುಕಿನ ಮೂರು ಗಂಟೆ. ಬಣ್ಣದ ಪೆನ್ಸಿಲುಗಳು ನೆಲಕ್ಕೆ ಚೆಲ್ಲಿದ ಸದ್ದಿಗೆ ಎಚ್ಚರವಾಯಿತು. ಮಗಳು ಸನ್ನಿಧಿಗೆ ಮತ್ತೆ ಜ್ವರ ಏರಿತೇನೋ ಎಂದು ಗಾಬರಿಯಿಂದ ಎದ್ದೆ. ಆಕೆ ನಾನು ಚಿತ್ರ ಬರೆದ ಮೊದಲ ಪುಸ್ತಕವನ್ನು ತೆರೆದಿಟ್ಟುಕೊಂಡು, ಬಗ್ಗಿ ಪೆನ್ಸಿಲುಗಳನ್ನು ಸಾಲಾಗಿ ಇಡುತ್ತ ಹಿಂದಕ್ಕೆ ಸರಿಯುತ್ತಿದ್ದಳು.

"ಏನ್ ಮಾಡಾಕತ್ತೀ ಬೇ?"

"ನಾಟಿ ಹಚ್ಚಾಕತ್ತೀನಿ. ಅಲ್ಲೇ ನಿಂದ್ರು, ಸಸಿ ತುಳದಿ, ಹುಷಾರ್!"

ಪುಸ್ತಕದಲ್ಲಿ ದಢೇಸುಗೂರಿನ ಗದ್ದೆಯಲ್ಲಿ ಹಾಗೆ ಹಿಂದಕ್ಕೆ ಸರಿಯುತ್ತ ನಾಟಿ ಹಚ್ಚುತ್ತಿರುವವಳು ನೀನು. ಮುಂದಕ್ಕೆ ನಡೆಯುವಂತೆ ಬರೆಯಿರಿ, ಇಲ್ಲದಿದ್ದರೆ ಮಕ್ಕಳಿಗೆ ಗೊಂದಲವಾಗುತ್ತದೆ ಎಂದು ಪ್ರಕಾಶಕರು ಹೇಳಿದ್ದರು. ನಾನು ಒಪ್ಪಲಿಲ್ಲ. ಗದ್ದೆಯನ್ನೂ ನಿನ್ನನ್ನೂ ಕಾಣದ ಈ ಕೂಸಿಗೆ ನೋಡಿದ ಕೂಡಲೇ ತಿಳಿಯಿತು. ಎಷ್ಟು ಹೆಮ್ಮೆಯಾಯಿತು ಗೊತ್ತೇನು?

ನನ್ನ ಮದುವೆಯ ದಿನದಿಂದ ನೀನು ನನ್ನೊಡನೆ ಮಾತು ಬಿಟ್ಟಿದ್ದೀ. ಈ ಪತ್ರ ಕಳಿಸಿದರೆ ಬೇರೆ ಯಾರೋ ನಿನಗೆ ಓದಿ ಹೇಳಬೇಕು, ಅದಕ್ಕೇ ಕಳಿಸುವುದಿಲ್ಲ. ಪುಸ್ತಕವಾದರೆ ನೀನೇ ನೋಡಬಲ್ಲೆ. ಇವತ್ತು ಮಸ್ಕಿಯ ಶಾಲೆಯಲ್ಲಿ ಅದನ್ನು ಮಕ್ಕಳಿಗೆ ತೋರಿಸಿ ಕತೆ ಹೇಳಬೇಕು. ಈ ಅಜ್ಜಿ ಯಾರು ಎಂದು ಅವರು ಕೇಳೇ ಕೇಳುತ್ತಾರೆ. ನಮ್ಮವ್ವ ಅನ್ನಲೇನು? ಈ ಪತ್ರ ನಿನಗೆ ಮುಟ್ಟುವುದಿಲ್ಲ, ಗೊತ್ತು; ಆದರೂ ಬೆಳಗಾಗುವುದರೊಳಗೆ ಒಂದು ಫೋನ್ ಮಾಡವ್ವಾ, ಹೂಂ ಅಂದರೂ ಸಾಕು.