ಮುಚ್ಚದೆ ಬಂದ ಕಂಪ್ಯೂಟರ್

೧೨-೮-೨೦೦೮, ಮಂಗಳವಾರ

ಪ್ರೆಸ್ಸಿನ ಹಳೇ ವಿಂಡೋಸ್ ಹೊಸ ಕಂಪ್ಯೂಟರಿನಲ್ಲಿ ಇವತ್ತೂ ಏಳಲಿಲ್ಲ. ನಮ್ಮ ಕನ್ನಡ ಫಾಂಟುಗಳೆಲ್ಲ ಅದರಲ್ಲೇ ಇವೆ. ತೀರಿಕೊಳ್ಳುವ ಮೊದಲು ನಮ್ಮ ಯಜಮಾನರು ಅದನ್ನು ವರ್ಚುವಲ್ ಮಷೀನ್, ಅಂದರೆ ಕಂಪ್ಯೂಟರಿನೊಳಗೇ ಓಡುವ ಇನ್ನೊಂದು ಕಂಪ್ಯೂಟರಿನ ಹಾಗೆ, ಮಾಡಿಟ್ಟಿದ್ದರು. ಸಂಜೆ ಅದನ್ನು ಮುಚ್ಚುತ್ತಿರಲಿಲ್ಲ, ಕೆಲಸ ಇದ್ದಲ್ಲೇ ಮಲಗಿಸಿ ಮನೆಗೆ ಬರುತ್ತಿದ್ದರು.

ಅಣ್ಣನ ಮಗ ಸ್ವರೂಪ್ ನೋಡಿ ಹೇಳಿದ: “ನಿದ್ದೇಲಿರೋದನ್ನ ಬೇರೆ ಕಂಪ್ಯೂಟರ್‌ಗೆ ಹಾಕಿದ್ರೆ ಎಂಗೆ ಏಳುತ್ತೆ ಅತ್ತೆ? ಹಳೇದ್ರಲ್ಲೇ ಎಬ್ಬಿಸಿ, ಶಟ್‌ಡೌನ್ ಮಾಡ್ಬುಟ್ಟು ಆಮೇಲೆ ಕಾಪಿ ಮಾಡಿ.”

ಎಬ್ಬಿಸಿದೆ. ಅವರು ಅರ್ಧಕ್ಕೆ ಬಿಟ್ಟ ಗೃಹಪ್ರವೇಶದ ಪತ್ರಿಕೆ ಹಾಗೇ ತೆರೆದುಕೊಂಡಿತು. ಕೊನೆಯಲ್ಲಿ ‘ತಮ್ಮ ಆಗಮನಾಭಿಲಾಷಿಗಳು’ ಎಂದಿದೆ. ಅದರ ಕೆಳಗೆ ಯಾರ ಹೆಸರೂ ಇಲ್ಲ, ಕರ್ಸರ್ ಮಾತ್ರ ಮಿನುಗುತ್ತಿದೆ.

ಯಾಕೋ ಅಲ್ಲಿ ‘ಮಂಗಳಮ್ಮ’ ಅಂತ ನನ್ನ ಹೆಸರು ಹೊಡೆದೆ. ಆಮೇಲೂ ಮುಚ್ಚುವುದಕ್ಕೆ ಕೈ ಬರಲಿಲ್ಲ. ಹಾಗೇ ಬಿಟ್ಟು, ಅಂಗಡಿಗೆ ಬೀಗ ಹಾಕಿಕೊಂಡು ಬಂದಿದ್ದೇನೆ.

ಇನ್ನು ಬೆಳಗಿನ ತನಕ ಕರೆಂಟು ಹೋಗದಿದ್ದರೆ ಸಾಕು.