ಎಡಚನ ಬೆಲ್ಟು

ಕೆಲಸದ ಕೋಣೆಯಿಂದ,
ಮಾರ್ಚ್ ಹನ್ನೊಂದು

ತಮ್ಮನೆಂಬ ಮಹಾಶಯನಿಗೆ ಅಕ್ಕನ ಆಶೀರ್ವಾದ.

ಕ್ಷೇಮವಾಗಿದ್ದೀಯಾ? ಮೊಣಕಾಲು ನೋವು ಹೇಗಿದೆ? ನಾಲ್ಕು ವರ್ಷದಲ್ಲಿ ಒಂದು ಸಾಲು ಬರೆಯದಿದ್ದರೂ ನಿನ್ನ ಕೈಗಳೆರಡೂ ನೆಟ್ಟಗಿವೆಯೆಂದು ಮೊನ್ನೆ ತಿಳಿಯಿತು. ಬುದ್ಧಿಯ ಆರೋಗ್ಯ ಕೇಳುವುದಿಲ್ಲ. ಕಾಯಿಲೆ ಬೀಳಬೇಕಾದರೂ ಅದು ಮೊದಲು ಇರಬೇಕು.

ಗಡಿಯಾರ ರಿಪೇರಿಯವರು ಹಳೆಯ ಫೋನೋಗ್ರಾಫ್ ಒಂದನ್ನು ಹೊತ್ತು ತಂದಿದ್ದರು. ಅದರ ಚಕ್ರ ತಿರುಗಿಸುವ ಬೆಲ್ಟು ಹೊಸದನ್ನು ಅಂಚೆಯಲ್ಲಿ ತರಿಸಿ ಹಾಕಿದರಂತೆ. "ಏನಮ್ಮ ಇದು, ಹಾಡೋಳಿಗೆ ಬಿಕ್ಕಳಿಕೆ ಹತ್ತಿದೆ" ಎಂದರು. ಮುಚ್ಚಳ ತೆಗೆದೆ. ಬೆಲ್ಟು ತೊಗಲಿನದಲ್ಲ, ಅಗ್ಗದ ಬ್ಯಾಗಿನ ರೆಕ್ಸಿನ್. ನಮ್ಮ ಬೆಕ್ಕು ಕೂಡ ಅದನ್ನು ಮೂಸಿ ಮುಖ ತಿರುಗಿಸಿಕೊಂಡು ಹೋಯಿತು. ತುದಿಗಳನ್ನು ಓರೆಯಾಗಿ ತೆಳ್ಳಗೆ ಕೆರೆದು ಒಂದರ ಮೇಲೊಂದು ಅಂಟಿಸಬೇಕಲ್ಲ, ಆ ಜಾಗ ಊದಿದ ವಸಡಿನ ಹಾಗಿತ್ತು. ಸುತ್ತಿಗೊಮ್ಮೆ ಚಕ್ರಕ್ಕೆ ತಗುಲಿ ಹಾಡು ಎಡವುತ್ತಿತ್ತು. ಕೆರೆದ ಓರೆ ಮಾತ್ರ ಅಪ್ಪನೂ ನಾನೂ ಬಲಗೈಯಲ್ಲಿ ಕೆರೆಯುವುದಕ್ಕೆ ತಿರುಗುಮುರುಗು. ಈ ಕೆಲಸ ಬಲ್ಲ ಎಡಚ ನನಗೆ ಗೊತ್ತಿರುವುದು ಒಬ್ಬನೇ.

"ತೊಗಲು ಕೆರೆಯೋಕೆ ನಾನು ಹುಟ್ಟಿಲ್ಲ" ಎಂದು ಬಾಗಿಲು ಬಡಿದು ಹೋದವನು ರೆಕ್ಸಿನ್ ಕೆರೆಯಲು ಹುಟ್ಟಿದ್ದೆಯಾ? ಭಲೇ ಬಡ್ತಿ. ಬೆಲ್ಟು ಬಂದ ಪೊಟ್ಟಣದ ಮೇಲೆ "ತಲೆಮಾರುಗಳ ಕೈಚಳಕ" ಎಂದು ಬೇರೆ ಅಚ್ಚು ಹಾಕಿಸಿದ್ದೀರಿ. ಯಾರ ತಲೆಮಾರು ಕಣೋ? ಅಪ್ಪ ಒಂದು ಬೆಲ್ಟಿಗೆ ಅರ್ಧ ದಿನ ಕೂತು, ಹೆಬ್ಬೆರಳಿಗೂ ಜೋಡಣೆ ತಿಳಿಯದಷ್ಟು ನಯ ಮಾಡುತ್ತಿದ್ದರು. ನಿನ್ನ ಜೋಡಣೆ ಕೈಗವಸು ಹಾಕಿಕೊಂಡವರಿಗೂ ಸಿಗುತ್ತದೆ. ಅದೇ ಪೊಟ್ಟಣದ ವಿಳಾಸಕ್ಕೆ ಈ ಕಾಗದ ಬರೆಯುತ್ತಿದ್ದೇನೆ.

ಅಪ್ಪನಿಗೆ ತೋರಿಸಬಾರದೆಂದಿದ್ದೆ. ಅವರ ಕೈ ಈಗ ನಡುಗುತ್ತದೆ, ಬೆಲ್ಟು ಮಾಡುವುದೆಲ್ಲ ನಾನೇ. ಆದರೆ ಗಡಿಯಾರದವರ ಬಾಯಿ ನಿಲ್ಲಬೇಕಲ್ಲ. ಅಪ್ಪ ಅದನ್ನು ಎರಡು ಸಲ ಸವರಿ, "ಕೈ ಮರೆತಿಲ್ಲ. ಒಳ್ಳೆ ತೊಗಲು ಕೊಟ್ಟೋರಿಲ್ಲ, ಪಾಪ" ಎಂದರು. ನಾಲ್ಕು ವರ್ಷ ಬೆನ್ನು ಬಗ್ಗಿಸಿದ ನನಗೆ ಇಷ್ಟು ದೊಡ್ಡ ಹೊಗಳಿಕೆ ಒಮ್ಮೆಯೂ ಸಿಕ್ಕಿಲ್ಲ.

ಆ ಯಂತ್ರಕ್ಕೆ ನನ್ನ ಬೆಲ್ಟು ಹಾಕಿ ಕಳಿಸಿದೆ, ಹಾಡುವವಳು ಗುಣವಾಗಿದ್ದಾಳೆ. ನಿನ್ನದು ಈ ಕವರಿನಲ್ಲಿದೆ, ಚೀಲದ ಬಾಯಿ ಕಟ್ಟಲು ಆದೀತು.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನಗೆ ಒಳ್ಳೆಯದಾಗಲಿ. ನಿನ್ನ ಗಿರಾಕಿಗಳಿಗೆ ಇನ್ನೂ ಹೆಚ್ಚು ಒಳ್ಳೆಯದಾಗಲಿ, ಅವರಿಗದು ಬೇಕಾಗಿದೆ.

ನಿನ್ನ ಅಕ್ಕ

ಮರೆತಿದ್ದೆ: ನಿನ್ನ ಎಡಗೈ ಕತ್ತಿಯನ್ನು ಅಪ್ಪ ಆ ನಡುಗುವ ಕೈಯಲ್ಲೇ ಪ್ರತಿ ಸೋಮವಾರ ಮಸೆಯುತ್ತಾರೆ. ಅದನ್ನು ಬಳಸಲು ನನಗೂ ಬಾರದು, ಅವರಿಗೂ ಬಾರದು. ಯಾಕೆ ಎಂದು ಕೇಳಿದರೆ, "ಅವನು ಬಂದ ತಕ್ಷಣ ಬೇಕಾಗುತ್ತಲ್ಲ" ಅನ್ನುತ್ತಾರೆ. ಮಸೆದು ಮಸೆದು ಅಲಗು ಒಂದು ಬೆರಳಿನಷ್ಟು ಉಳಿದಿದೆ. ಅದು ಮುಗಿಯುವುದರೊಳಗೆ ಬಾ.